ಫ್ಯಾನ್ ತಿರುಗಿತು, ಪರದೆ ಬೆಳಗಲಿಲ್ಲ

ಗೋಕರ್ಣದ ದಕ್ಷಿಣಕ್ಕೆ, ಕುಡ್ಲೆಯ ಗುಡ್ಡ ಹತ್ತಿ ಇಳಿದರೆ ಓಂ ಬೀಚ್. ಎರಡು ಅರ್ಧಚಂದ್ರಗಳು ಕೂಡಿ ಓಂಕಾರದ ಆಕಾರ ತಳೆದ ಕಡಲತೀರ ಅದು. ಬೇಸಿಗೆಯಲ್ಲಿ ಅಲ್ಲಿ ಪ್ರವಾಸಿಗರ ಜಾತ್ರೆಯೇ ನೆರೆದಿರುತ್ತದೆ. ಜೂನ್ ಬಂತೆಂದರೆ ಜಾತ್ರೆ ಮುಗಿಯಿತು. ದೋಣಿಗಳು ದಡ ಹತ್ತಿ ಮಡಲಿನ ಹೊದಿಕೆಯಡಿ ಮಲಗುತ್ತವೆ. ಆಮೇಲೆ ನಾಲ್ಕು ತಿಂಗಳು ಮಳೆ, ಗಾಳಿ ಮತ್ತು ಕಡಲಿನ ಮೊರೆತ.

ಆ ತೀರದ ಮೇಲಿನ ದಿಬ್ಬದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆ ಊಹೆಯದು, ಆದರೆ ಅಲ್ಲಿ ಬರುವ ತೊಂದರೆ ಭಟ್ಕಳದಿಂದ ಕಾರವಾರದವರೆಗೆ ಎಷ್ಟೋ ಮನೆಗಳಲ್ಲಿ ಬರುವಂಥದು. ಅಪ್ಪ ಬೇಸಿಗೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಡಾಲ್ಫಿನ್ ತೋರಿಸಲು ಹೋಗುವವರು. ಮಗ ಕುಮಟಾದಲ್ಲಿ ಬಿಸಿಎ ಎರಡನೆಯ ವರ್ಷ. ಕಳೆದ ಬೇಸಿಗೆಯ ದುಡಿಮೆಯಲ್ಲಿ ಉಳಿದ ಹಣವನ್ನು ಅಪ್ಪ ಮಗನ ಕೈಗೆ ಕೊಟ್ಟಿದ್ದರು. ‘ಜೋಡಿಸಿದ್ದನ್ನು ಕೊಂಡರೆ ದುಬಾರಿ, ಬಿಡಿಭಾಗ ತಂದು ನಾನೇ ಜೋಡಿಸುತ್ತೇನೆ’ ಎಂದಿದ್ದ ಹುಡುಗ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ತಂದ. ಮಾರ್ಚಿನಲ್ಲಿ ಜೋಡಿಸಿದ. ಕಂಪ್ಯೂಟರ್ ಮೇ ಕೊನೆಯವರೆಗೂ ಚೆನ್ನಾಗಿಯೇ ನಡೆಯಿತು.

ಜೂನ್ ಎರಡನೆಯ ವಾರದ ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಎರಡು ಕ್ಷಣ ಬಿಟ್ಟು ಮತ್ತೆ ಅರ್ಧ ಸುತ್ತು, ಮತ್ತೆ ಮೌನ. ಪರದೆ ಕಪ್ಪು. ಹುಡುಗನ ಎದೆ ಧಸಕ್ಕೆಂದಿತು. ರಿಪೇರಿಯವರಿಗೆ ಫೋನ್ ಮಾಡಿದರೆ ‘ಮದರ್‌ಬೋರ್ಡ್ ಹೋಗಿರಬೇಕು, ಹೊಸದೇ ಹಾಕಬೇಕು’ ಎಂಬ ಉತ್ತರ ಬಂತು. ದೋಣಿ ದಡದಲ್ಲಿರುವ ಹೊತ್ತಿನಲ್ಲಿ ಹೊಸ ಬೋರ್ಡಿಗೆ ಹಣ ಕೇಳುವುದು ಹೇಗೆ? ಎರಡು ದಿನ ಅವನು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಅಪ್ಪನೇ ಬಂದು ಪಕ್ಕದಲ್ಲಿ ಕುಳಿತರು.

‘ಎಂತ ಆಯ್ತಾ ತಮಾ?’

‘ಬೋರ್ಡು ಹೋಗಿದ್ಯಂತೆ ಅಪ್ಪ. ಹೊಸದೇ ಹಾಕ್ಬೇಕಂತೆ.’

‘ಯಾರು ಬಿಚ್ಚಿ ನೋಡಿದ್ರು?’

‘ಯಾರೂ ನೋಡ್ಲಿಲ್ಲ.’

‘ಮತ್ತೆ ಹೋಗಿದೆ ಹೇಳಿ ಹೇಗೆ ಗೊತ್ತಾಯ್ತು? ನಮ್ಮ ಎಂಜಿನ್ನು ಏಳದಿದ್ರೆ ಮೊದಲು ಎಣ್ಣೆ ಉಂಟಾ ನೋಡೂದು. ಆಮೇಲೆ ಬ್ಯಾಟರಿ. ಆಮೇಲೆ ಉಳಿದದ್ದು. ಮೊದಲೇ ಎಂಜಿನ್ನು ಬಿಸಾಡ್ತಾರಾ?’

ಅಪ್ಪನಿಗೆ ಕಂಪ್ಯೂಟರ್ ತಿಳಿಯದು. ಆದರೆ ಅವರು ಹೇಳಿದ ಕ್ರಮವೇ ಕಂಪ್ಯೂಟರ್ ರಿಪೇರಿಯ ಮೊದಲ ಪಾಠ. ಯಂತ್ರ ಏಳುವುದೆಂದರೆ ಒಂದೇ ಕ್ರಿಯೆಯಲ್ಲ, ಅದು ಮೆಟ್ಟಿಲುಗಳ ಸಾಲು. ಯಾವ ಮೆಟ್ಟಿಲಿನಲ್ಲಿ ಎಡವಿತು ಎಂದು ಕಂಡುಕೊಂಡರೆ ಅರ್ಧ ರಿಪೇರಿ ಆದಂತೆಯೇ.

ಸ್ವಿಚ್ ಅಲ್ಲ, ಅರ್ಜಿ

ಹಳೆಯ ಕಾಲದ ಕಂಪ್ಯೂಟರುಗಳನ್ನು ಬಲ್ಲ ಹಿರಿಯರಿಗೆ ಅದರ ದಪ್ಪ ಸ್ವಿಚ್ಚಿನ ‘ಖಟ್’ ಸದ್ದು ನೆನಪಿರಬಹುದು. ಆ ಸ್ವಿಚ್ ಗೋಡೆಯಿಂದ ಬರುವ ವಿದ್ಯುತ್ತನ್ನೇ ನೇರವಾಗಿ ಕೂಡಿಸುತ್ತಿತ್ತು, ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸವನ್ನು ಪ್ರಕಟಿಸಿತು. ಇಂದು ಮನೆಯಲ್ಲಿ ಜೋಡಿಸುವ ಬಹುತೇಕ ಡೆಸ್ಕ್‌ಟಾಪ್‌ಗಳು ಅದರ ವಂಶದವೇ. ಇದರಲ್ಲಿ ಮುಂಭಾಗದ ಬಟನ್ ವಿದ್ಯುತ್ತನ್ನು ಮುಟ್ಟುವುದೇ ಇಲ್ಲ. ಅದು ಮದರ್‌ಬೋರ್ಡಿಗೆ ಒಂದು ಅರ್ಜಿ ಹಾಕುತ್ತದೆ, ಅಷ್ಟೇ!

ಅರ್ಜಿ ಸ್ವೀಕರಿಸಲು ಕಚೇರಿಯಲ್ಲಿ ಯಾರಾದರೂ ಎಚ್ಚರವಿರಬೇಕಲ್ಲ? ಅದಕ್ಕೆಂದೇ ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ಪ್ಲಗ್ ಸಿಕ್ಕಿಸಿದ ಕ್ಷಣದಿಂದ 5 ವೋಲ್ಟಿನ ಸಣ್ಣ ವಿದ್ಯುತ್ತೊಂದನ್ನು ಸದಾ ಕೊಡುತ್ತಿರುತ್ತದೆ. ಬಟನ್ ಒತ್ತಿದಾಗ ಬೋರ್ಡ್ ಎಸ್‌ಎಂಪಿಎಸ್‌ಗೆ ‘ಏಳು’ ಎಂಬ ಸಂಕೇತ ಕಳಿಸುತ್ತದೆ. ಆಗ ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟುಗಳ ಮುಖ್ಯ ಪೂರೈಕೆಯನ್ನು ಆರಂಭಿಸುತ್ತದೆ. ಮೂರೂ ಸರಿಯಾದ ಮಟ್ಟಕ್ಕೆ ಬಂದ ಮೇಲೆ, ಸುಮಾರು 100ರಿಂದ 500 ಮಿಲಿಸೆಕೆಂಡುಗಳಲ್ಲಿ, ‘ಎಲ್ಲ ಸರಿಯಿದೆ’ ಎಂಬ ಮರುಸಂಕೇತ ಬೋರ್ಡಿಗೆ ತಲುಪುತ್ತದೆ. ಆಮೇಲಷ್ಟೇ ಪ್ರೊಸೆಸರ್ ಕಣ್ಣು ಬಿಡುತ್ತದೆ. ಅದು ರ‍್ಯಾಮನ್ನು ಪರೀಕ್ಷಿಸಿ, ಚಿತ್ರ ಮೂಡಿಸುವ ಭಾಗವನ್ನು ಎಬ್ಬಿಸಿ, ಕೊನೆಗೆ ಡಿಸ್ಕಿನಿಂದ ವಿಂಡೋಸನ್ನೋ ಲಿನಕ್ಸನ್ನೋ ಕರೆಯುತ್ತದೆ.

ಎಲ್ಲಾದರೂ ಎರಡು ತಂತಿ ಅಡ್ಡ ತಾಗಿ ಶಾರ್ಟ್ ಆಗಿದ್ದರೆ ಎಸ್‌ಎಂಪಿಎಸ್ ತಕ್ಷಣ ಪೂರೈಕೆ ನಿಲ್ಲಿಸಿಬಿಡುತ್ತದೆ. ಇದು ಕೆಟ್ಟಿದ್ದರ ಲಕ್ಷಣವಲ್ಲ, ಉಳಿದ ಭಾಗಗಳನ್ನು ಕಾಯುವ ಜಾಣತನ.

ಮೂರು ಬಗೆಯ ಮೌನ

ಹಾಗಾಗಿ ‘ಕಂಪ್ಯೂಟರ್ ಆನ್ ಆಗುತ್ತಿಲ್ಲ’ ಎಂಬ ಮಾತು ‘ಮಗುವಿಗೆ ಹುಷಾರಿಲ್ಲ’ ಎಂದಷ್ಟೇ ಅಸ್ಪಷ್ಟ. ಜ್ವರವೋ, ಹೊಟ್ಟೆನೋವೋ ಹೇಳದಿದ್ದರೆ ವೈದ್ಯರಾದರೂ ಏನು ಮಾಡಿಯಾರು? ಕಂಪ್ಯೂಟರಿನ ಮೌನದಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಪೂರ್ತಿ ಮೌನ. ದೀಪವಿಲ್ಲ, ಫ್ಯಾನಿಲ್ಲ. ಸಂಶಯ ಗೋಡೆಯಿಂದ ಎಸ್‌ಎಂಪಿಎಸ್‌ವರೆಗಿನ ಹಾದಿಯ ಮೇಲೆ, ಇಲ್ಲವೇ ಬಟನ್ನಿನಿಂದ ಬೋರ್ಡಿಗೆ ಹೋಗುವ ಸಣ್ಣ ತಂತಿಯ ಮೇಲೆ.

ಎರಡನೆಯದು ಎದ್ದು ಬೀಳುವ ಮೌನ. ಫ್ಯಾನ್ ತುಸು ತಿರುಗಿ ನಿಲ್ಲುತ್ತದೆ. ಇಲ್ಲಿ ಶಾರ್ಟ್ ಆಗಿರುವ ಭಾಗ, ಸರಿಯಾಗಿ ಕೂರದ ರ‍್ಯಾಮ್, ಬಲಗುಂದಿದ ಎಸ್‌ಎಂಪಿಎಸ್ ಇವುಗಳ ಮೇಲೆ ಸಂಶಯ.

ಮೂರನೆಯದು ಫ್ಯಾನ್ ಸತತವಾಗಿ ತಿರುಗುತ್ತಿದ್ದರೂ ಪರದೆ ಬೆಳಗದಿರುವುದು. ರ‍್ಯಾಮ್, ಪ್ರೊಸೆಸರಿನ ಪ್ರತ್ಯೇಕ ವಿದ್ಯುತ್ ತಂತಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಮಾನಿಟರಿನ ಕೇಬಲ್ ಇಲ್ಲಿ ಸಂಶಯಿತರು. ಈಚಿನ ಹಲವು ಮದರ್‌ಬೋರ್ಡುಗಳಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವ ದೀಪ ಆರದೆ ಉಳಿಯಿತೋ ಅಲ್ಲೇ ತನಿಖೆ ಆರಂಭಿಸಬಹುದು. ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಯಂತ್ರ ಮೊದಲ ಸಲ ರ‍್ಯಾಮಿನ ಹದ ಹೊಂದಿಸಿಕೊಳ್ಳಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳುವುದುಂಟು. ‘ಹೋಯಿತು’ ಎಂದು ನಡುವೆ ಪ್ಲಗ್ ಕೀಳುವವರು ಅದನ್ನು ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ!

ಓಂ ಬೀಚಿನ ಹುಡುಗನ ಯಂತ್ರದ್ದು ಎರಡನೆಯ ಬಗೆ.

ಬಿಚ್ಚುವ ಮೊದಲು

ಅಪ್ಪ ಮಗ ಗೋಡೆಯಿಂದ ಆರಂಭಿಸಿದರು. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಸಿಕ್ಕಿಸಿದರೆ ಉರಿಯಿತು. ಸ್ಪೈಕ್ ಗಾರ್ಡ್ ಬಿಟ್ಟು ನೇರವಾಗಿ ಗೋಡೆಗೇ ಸಿಕ್ಕಿಸಿ ನೋಡಿದರು. ಯುಪಿಎಸ್ ಇರುವ ಮನೆಯಲ್ಲಿ ಅದನ್ನೂ ಒಮ್ಮೆ ಪಕ್ಕಕ್ಕಿಡಬೇಕು. ಎಸ್‌ಎಂಪಿಎಸ್ ಹಿಂಭಾಗದ ಸ್ವಿಚ್ ಹಾಕಿದೆಯೇ, ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ಎಂದು ನೋಡಿದರು. ಕಾರ್ಡ್ ಇದ್ದೂ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿ ಪರದಾಡುವವರು ಕಡಿಮೆಯೇನಿಲ್ಲ.

ಆಗ ಹುಡುಗ ಒಂದು ಮಾತು ಹೇಳಿದ. ‘ಮಳೆ ಹಿಡಿದ ಮೇಲೆ ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಂ ಅಂತದೆ.’

ಇದು ನಗುವ ಮಾತಲ್ಲ. ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ತಿನ ಕಿರುಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರುಗಳು ಲೋಹದ ಹೊರಮೈಗೆ ಜೋಡಣೆಯಾಗಿರುತ್ತವೆ. ಅವುಗಳ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ ಅರ್ಥಿಂಗ್ ತಂತಿಯಲ್ಲಿ ನೆಲಕ್ಕೆ ಇಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನಲ್ಲೇ ನಿಂತು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿರುವವರ ಮೈಯನ್ನು ದಾರಿ ಮಾಡಿಕೊಳ್ಳುತ್ತದೆ. ಅಷ್ಟು ಸಣ್ಣ ಸೋರಿಕೆ ಜುಂ ಎನ್ನಿಸಿ ಬಿಡಬಹುದು. ಆದರೆ ಒಳಗೆ ದೊಡ್ಡ ದೋಷವಾದ ದಿನ ಪ್ರಾಣ ಕಾಯುವ ತಂತಿ ಇಲ್ಲವೆಂಬ ಎಚ್ಚರಿಕೆ ಅದು. ಸಿಡಿಲಿನ ಕಾಲದಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಥಿಂಗ್ ಇಲ್ಲದೆ ಪೂರ್ತಿ ರಕ್ಷಣೆ ಕೊಡಲಾರದು. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಮುರಿದು ಎರಡು ಕಾಲಿನ ಸಾಕೆಟ್ಟಿಗೆ ಸಿಕ್ಕಿಸುವ ಚಾಳಿಯನ್ನು ಬಿಡಲೇಬೇಕು. ಇದು ಹುಡುಗರು ಸರಿಪಡಿಸುವ ಕೆಲಸವಲ್ಲ. ವೈರಿಂಗ್ ಬಲ್ಲವರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಬೇಕು. ಕೆಲಸ ಮುಂದುವರಿಸುವ ಮೊದಲು ಅಪ್ಪ ಮಾಡಿದ್ದೂ ಅದನ್ನೇ. ಅರ್ಥಿಂಗ್ ಗುಂಡಿಯ ತಂತಿ ತುಕ್ಕು ಹಿಡಿದು ಕಡಿದುಹೋಗಿತ್ತು. ಅದನ್ನು ಸರಿಪಡಿಸಿಕೊಂಡರು.

ಖಾಲಿ ಡಬ್ಬಿಯ ಮೇಲೆ

ಮರುದಿನ ಪ್ಲಗ್ ಕಿತ್ತು, ಒಮ್ಮೆ ಬಟನ್ ಒತ್ತಿ ಬೋರ್ಡಿನಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿ, ಹುಡುಗ ಕ್ಯಾಬಿನೆಟ್ ತೆರೆದ. ಎಲ್ಲ ಜೋಡಣೆಗಳ ಫೋಟೋ ತೆಗೆದುಕೊಂಡ. ಆಮೇಲೆ ಮದರ್‌ಬೋರ್ಡನ್ನು ಹೊರತೆಗೆದು, ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲಿಟ್ಟ. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್ ಕಡ್ಡಿ, ಎಸ್‌ಎಂಪಿಎಸ್‌ನ 24 ಪಿನ್ನಿನ ಮುಖ್ಯ ತಂತಿ ಮತ್ತು ಪ್ರೊಸೆಸರಿನ 8 ಪಿನ್ನಿನ ತಂತಿ ಇಷ್ಟನ್ನು ಮಾತ್ರ ಉಳಿಸಿದ. ಅವನ ಪ್ರೊಸೆಸರಿನಲ್ಲೇ ಚಿತ್ರ ಮೂಡಿಸುವ ಭಾಗ ಇದ್ದುದರಿಂದ ಗ್ರಾಫಿಕ್ಸ್ ಕಾರ್ಡೂ ಬೇಕಾಗಲಿಲ್ಲ. ಡಿಸ್ಕ್, ಮುಂಭಾಗದ ತಂತಿಗಳು, ಬಣ್ಣದ ದೀಪಗಳು ಎಲ್ಲವೂ ಪಕ್ಕಕ್ಕೆ.

ಹೀಗೆ ಮಾಡುವುದೇಕೆ? ಹತ್ತು ಭಾಗಗಳು ಕೂಡಿದ್ದಾಗ ತಪ್ಪಿತಸ್ಥ ಯಾರೆಂದು ತಿಳಿಯದು. ತೀರ ಅಗತ್ಯದ ನಾಲ್ಕೈದು ಮಾತ್ರ ಉಳಿದು ಯಂತ್ರ ಎದ್ದರೆ, ಆ ನಾಲ್ಕೈದೂ ನಿರಪರಾಧಿಗಳು. ಏಳದಿದ್ದರೆ ತಪ್ಪಿತಸ್ಥ ಅವುಗಳಲ್ಲೇ ಇದ್ದಾನೆ. ಇನ್ನೊಂದು ಲಾಭವೂ ಇದೆ. ಬೋರ್ಡಿನ ಅಡಿಗೆ ಬೇಡದ ಕಡೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಉಳಿದಿದ್ದರೆ, ಕಳಚಿದ ಸ್ಕ್ರೂ ಸಿಕ್ಕಿಕೊಂಡಿದ್ದರೆ ಅಥವಾ ಬೆಚ್ಚಗಿನ ಜಾಗ ಅರಸಿ ಬಂದ ಹಲ್ಲಿ ಸತ್ತುಬಿದ್ದಿದ್ದರೆ ಅದೂ ಬೆಳಕಿಗೆ ಬರುತ್ತದೆ.

ಬೋರ್ಡಿನಲ್ಲಿ ಬಟನ್ನಿನ ತಂತಿ ಕೂರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು, ಅದು ಬಟನ್ ಒತ್ತಿದ ಹಾಗೆಯೇ. ಯಾವ ಎರಡು ಪಿನ್ನುಗಳು ಎಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ನೋಡಿಯೇ ಮುಟ್ಟಬೇಕು. ಹುಡುಗ ಹಾಗೆ ಮಾಡಿದ. ಫ್ಯಾನ್ ತಿರುಗಿತು. ತಿರುಗುತ್ತಲೇ ಇತ್ತು! ಪರದೆಯ ಮೇಲೆ ಮದರ್‌ಬೋರ್ಡ್ ಕಂಪನಿಯ ಗುರುತು ಮೂಡಿತು.

‘ಹೋದ ಬೋರ್ಡು ಬಂತಲ್ಲ!’ ಎಂದರು ಅಪ್ಪ.

ಆಮೇಲೆ ಒಂದೊಂದೇ ಭಾಗ ಮರಳಿ ಸೇರಿತು. ಪ್ರತಿ ಸಲವೂ ಪ್ಲಗ್ ಕಿತ್ತು, ಒಂದನ್ನೇ ಸೇರಿಸಿ, ಮತ್ತೆ ಪರೀಕ್ಷೆ. ಎರಡನೆಯ ರ‍್ಯಾಮ್, ಸರಿ. ಡಿಸ್ಕ್, ಸರಿ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಕೂರಿಸಿದಾಗಲೂ ಸರಿ. ಮುಂಭಾಗದ ಯುಎಸ್‌ಬಿ ಕಿಂಡಿಗಳ ತಂತಿ ಸಿಕ್ಕಿಸಿದ್ದೇ ತಡ, ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು!

ಅಪ್ಪ ಟಾರ್ಚ್ ಹಿಡಿದರು. ಕಡಲಿಗೆ ಮುಖಮಾಡಿದ ಕಿಟಕಿಯ ಎದುರಿಗೇ ಇದ್ದ ಆ ಕಿಂಡಿಯೊಳಗೆ ಹಸಿರು ಕಿಲುಬು ಕಟ್ಟಿತ್ತು. ಬಲ ಕಳೆದುಕೊಂಡ ಒಂದು ಲೋಹದ ಪಟ್ಟಿ, ಪೆನ್‌ಡ್ರೈವ್ ತುರುಕುವಾಗ ಬಾಗಿ ಹೊರಗಿನ ಕವಚಕ್ಕೆ ತಾಗಿತ್ತು. ಶಾರ್ಟ್! ಎಸ್‌ಎಂಪಿಎಸ್ ತನ್ನ ಕರ್ತವ್ಯ ಮಾಡುತ್ತಿತ್ತು. ಆ ತಂತಿಯನ್ನು ಸಿಕ್ಕಿಸದೆ ಬಿಟ್ಟರೆ ಯಂತ್ರ ಹಾಯಾಗಿ ನಡೆಯುತ್ತದೆ, ಹಿಂಭಾಗದ ಯುಎಸ್‌ಬಿ ಕಿಂಡಿಗಳು ಹೇಗೂ ಇವೆ. ಹೊಸ ಮದರ್‌ಬೋರ್ಡಿನ ಮಾತು ಅಲ್ಲಿಗೆ ಮುಗಿಯಿತು.

ಮುಟ್ಟಬಾರದ ಪೆಟ್ಟಿಗೆ

ನಾಲ್ಕೈದು ಭಾಗ ಮಾತ್ರ ಉಳಿದಾಗಲೂ ಯಂತ್ರ ಏಳದಿದ್ದರೆ? ರ‍್ಯಾಮನ್ನು ಬೇರೆ ಸ್ಲಾಟಿಗೆ ಹಾಕಿ ನೋಡಬೇಕು. ಎರಡೂ ಬದಿಯಲ್ಲಿ ಪೂರ್ತಿ ಕೂತಿದೆಯೇ ಗಮನಿಸಬೇಕು. ಅದರ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವ ರೂಢಿ ಉಂಟು, ಆದರೆ ಜೋರಾಗಿ ಉಜ್ಜಿದರೆ ತೆಳುವಾದ ಚಿನ್ನದ ಲೇಪವೇ ಸವೆಯುತ್ತದೆ. ಪ್ರೊಸೆಸರಿನ 8 ಪಿನ್ನಿನ ತಂತಿ ಸಿಕ್ಕಿಸಲು ಮರೆತಿದ್ದರೂ ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿಯಬಹುದು. ಹೊಸದಾಗಿ ಜೋಡಿಸುವವರು ಆಗಾಗ ಮಾಡುವ ತಪ್ಪಿದು. ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿಯನ್ನು ಪ್ಲಗ್ ಕಿತ್ತ ಮೇಲೆ ಕೆಲವು ನಿಮಿಷ ತೆಗೆದಿಟ್ಟರೆ ತಪ್ಪು ಸೆಟ್ಟಿಂಗುಗಳು ಅಳಿದು ಯಂತ್ರ ಎದ್ದ ಉದಾಹರಣೆಗಳೂ ಉಂಟು. ಇಷ್ಟಾದರೂ ಏಳದಿದ್ದರೆ ಸ್ನೇಹಿತರ ಬಳಿಯ ಒಳ್ಳೆಯ ಎಸ್‌ಎಂಪಿಎಸ್ ತಂದು ಪರೀಕ್ಷಿಸುವುದು ಅತ್ಯಂತ ಅಗ್ಗದ ದಾರಿ. ಆಗ ಅದರ ಜೊತೆ ಬಂದ ತಂತಿಗಳನ್ನೇ ಬಳಸಬೇಕು. ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ತಂತಿ ಮೇಲ್ನೋಟಕ್ಕೆ ಕೂರುವಂತಿದ್ದರೂ ಒಳಗಿನ ಜೋಡಣೆ ಬೇರೆಯಾಗಿದ್ದು ಬೋರ್ಡನ್ನೋ ಡಿಸ್ಕನ್ನೋ ಸುಟ್ಟುಬಿಡಬಹುದು.

ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತು ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಶೇಖರವಾಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ‘ತಂತಿ ಕಿತ್ತಿದ್ದೇನೆ, ಏನೂ ಆಗದು’ ಎಂಬ ಧೈರ್ಯ ಇಲ್ಲಿ ಸಲ್ಲದು. ಸುಟ್ಟ ವಾಸನೆ ಬಂದರೆ ಪೆಟ್ಟಿಗೆಯನ್ನು ಇಡಿಯಾಗಿ ಬದಲಾಯಿಸುವುದೇ ಸರಿ.

ಉಪ್ಪು ತಿಂದ ಮೇಲೆ

ಬೇಸಿಗೆಯಲ್ಲಿ ನಡೆದ ಯಂತ್ರ ಮಳೆಗಾಲದಲ್ಲೇ ಏಕೆ ಮುಷ್ಕರ ಹೂಡಿತು? ಉತ್ತರ ಓಂ ಬೀಚಿಗೆ ಸಮೀಪದ ಸಾಣಿಕಟ್ಟೆಯಲ್ಲೇ ಇದೆ. ಅಲ್ಲಿನ ಗದ್ದೆಗಳಲ್ಲಿ ಬಿಸಿಲಿಗೆ ಉಪ್ಪು ಬೆಳೆಯುವುದನ್ನು ಆ ಸೀಮೆಯವರೆಲ್ಲ ಕಂಡಿದ್ದಾರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ಒಸರುವುದನ್ನೂ ಕಂಡಿದ್ದಾರೆ. ಗಾಳಿಯ ತೇವಾಂಶ ಸುಮಾರು ಶೇಕಡ 75 ದಾಟಿದಾಗ ಉಪ್ಪು ಆ ತೇವವನ್ನು ಹೀರಿ ತಾನೇ ದ್ರವವಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಈ ಗಡಿಯ ಮೇಲೆಯೇ ಇರುವ ದಿನಗಳು ಹೆಚ್ಚು.

ಅಲೆ ಒಡೆದಾಗ ಹಾರುವ ಉಪ್ಪಿನ ಕಣಗಳು ಬೇಸಿಗೆಯುದ್ದಕ್ಕೂ ಕಂಪ್ಯೂಟರಿನ ಫ್ಯಾನ್ ಎಳೆದುಕೊಂಡ ಗಾಳಿಯೊಂದಿಗೆ ಒಳಗೆ ಬಂದು ಧೂಳಿನೊಡನೆ ಕೂರುತ್ತವೆ. ಒಣಗಿದ್ದಾಗ ಅವು ಸುಮ್ಮನಿರುತ್ತವೆ. ಮಳೆ ಬಂದೊಡನೆ ಅದೇ ಧೂಳು ವಿದ್ಯುತ್ ಹರಿಯುವ ಉಪ್ಪುನೀರಿನ ಪೊರೆಯಾಗುತ್ತದೆ, ತಾಮ್ರವನ್ನು ತಿನ್ನತೊಡಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಕಂಪ್ಯೂಟರಿಗೂ ಸಲ್ಲುತ್ತದೆ!

ಪರಿಹಾರ ಕಷ್ಟವಲ್ಲ. ಯಂತ್ರ ಕಡಲಿನ ಕಡೆಯ ಕಿಟಕಿಯಿಂದ ದೂರವಿರಲಿ, ನೆಲದಿಂದ ಮೇಲಿರಲಿ. ಮೇ ತಿಂಗಳಲ್ಲೇ, ಮಳೆಗೆ ಮೊದಲು, ಒಣ ಬ್ರಷ್ಷಿನಿಂದ ಧೂಳು ತೆಗೆಯುವುದು ಒಳ್ಳೆಯದು. ಬಳಸದ ಕಿಂಡಿಗಳಿಗೆ ರಬ್ಬರ್ ಮುಚ್ಚಳ ಸಿಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದಷ್ಟು ಹೊತ್ತು ಯಂತ್ರ ನಡೆಸಿದರೆ ಅದರ ಬಿಸಿಯೇ ತೇವವನ್ನು ದೂರವಿಡುತ್ತದೆ. ಪ್ಲಾಸ್ಟಿಕ್ ಹೊದಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ತೇವ ಸೆರೆಯಾಗುತ್ತದೆ. ಗುಡುಗು ಕೇಳಿದರೆ ಕಾಯದೆ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ಕೇಬಲ್ಲನ್ನೂ ಕೀಳಬೇಕು. ಗುಡುಗು ಸಿಡಿಲು ತೀರ ಹತ್ತಿರದಲ್ಲಿದ್ದರೆ ಮಾತ್ರ ತಂತಿಗೆ ಕೈ ಹಾಕದೆ ದೂರವಿರುವುದೇ ಕ್ಷೇಮ. ಯಂತ್ರ ಹೋದರೆ ಇನ್ನೊಂದು ಬಂದೀತು.

ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಖು ಹಾಕಿ, ಏನಾಗಿತ್ತು, ಏನೇನು ನೋಡಲಾಯಿತು, ಯಾವುದು ತಪ್ಪಿತ್ತು ಎಂದು ಬರೆದಿಟ್ಟ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

‘ಎರಡು ದಿವಸ ಎಂತಕ್ಕೆ ಹೇಳ್ಲಿಲ್ಲ?’

‘ನಾನೇ ಹಾಳು ಮಾಡಿದೆ ಅಂತ ಬೈತೀರಿ ಅಂದ್ಕಂಡಿದ್ದೆ.’

ಮಕ್ಕಳ ಕೈಯಲ್ಲಿ ಯಂತ್ರ ನಿಂತಾಗ ಬಹಳ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ‘ಏನು ಮಾಡಿದೆ?’ ಎಂಬುದು. ಆ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರವೂ ಒಂದೇ: ‘ನಾನೇನೂ ಮಾಡಲಿಲ್ಲ.’ ಪೆನ್‌ಡ್ರೈವ್ ಬಲವಾಗಿ ತುರುಕಿದ್ದು, ಕೈ ಜುಂ ಎಂದದ್ದು ಎಲ್ಲ ಅಲ್ಲೇ ಮುಚ್ಚಿಹೋಗುತ್ತದೆ. ಓಂ ಬೀಚಿನ ಆ ಅಪ್ಪ ಕೇಳಿದ್ದು ‘ಎಂತ ಆಯ್ತಾ ತಮಾ?’ ಎಂದು. ಕಡಿದುಹೋಗಿದ್ದ ಅರ್ಥಿಂಗ್ ತಂತಿ ಸಿಕ್ಕಿದ್ದೂ ಅದರಿಂದಲೇ.